ಹಸಿ ಕಸದಲ್ಲಿ ಬಂದ ನೂಲು

ಕಸ ಕತ್ತರಿಸುವ ಯಂತ್ರಕ್ಕೆ ನಾಲ್ಕು ಲಕ್ಷ ಹತ್ತು ಸಾವಿರ ಬಿತ್ತು. ಮಾರುವವನು ಐದೂಕಾಲು ಲಕ್ಷ ಹೇಳಿದ್ದ. ಮೂರು ಸಲ ಅವನ ಶೆಡ್ಡಿಗೆ ಹೋಗಿ, ಎರಡು ಸಲ ಚಹಾ ಕುಡಿದು ಬೇಡವೆಂದು ಎದ್ದು ಬಂದು, ಆ ಬೆಲೆಗೆ ಇಳಿಸಿದೆ. ಅದನ್ನು ಕೂರಿಸಲು ಕಾಂಕ್ರೀಟ್ ನೆಲ, ಮೇಲೆ ತಗಡಿನ ಮಾಡು, ತ್ರೀ ಫೇಸ್ ಕರೆಂಟು, ಎಲ್ಲ ಸೇರಿ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಇಷ್ಟೊಂದು ಯಾಕೆ ಹಾಕಿದೆ ಎಂದರೆ, ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಮನೆಯಿಂದಲೇ ಕೊಡಬೇಕೆಂಬ ನಿಯಮ ನಮ್ಮ ಊರಲ್ಲಿ ಬಿಗಿಯಾಯಿತು. ಬೇರೆಯಾಗಿ ಬಂದ ಹಸಿ ಕಸವೆಂದರೆ ಅರ್ಧ ತಯಾರಾದ ಗೊಬ್ಬರ. ಬನಹಟ್ಟಿಯಿಂದ ಯಾವ ದಿಕ್ಕಿಗೆ ಹೊರಟರೂ ಕಬ್ಬು. ಕಚ್ಚಾ ಮಾಲು ಪುಕ್ಕಟೆ, ಗಿರಾಕಿ ಕಣ್ಣೆದುರಿಗೆ. ಇದನ್ನು ಬಿಟ್ಟವನು ಹುಚ್ಚ ಎಂದುಕೊಂಡೆ.

ಅದಕ್ಕೂ ಮೊದಲು ಮೂವತ್ತು ವರ್ಷ ನಾನು ಹಳೆಯ ಚೀಲದ ವ್ಯಾಪಾರ ಮಾಡಿದವನು. ಜಮಖಂಡಿಯ ಕಿರಾಣಿ ಅಂಗಡಿಗಳಿಂದ ಸಕ್ಕರೆ ಚೀಲ, ಮುಧೋಳದ ಪಶು ಆಹಾರದ ಅಂಗಡಿಗಳಿಂದ ಹಿಂಡಿ ಚೀಲ, ಬೀಳಗಿ ಕಡೆಯಿಂದ ಗೋಣಿ. ಮೊದಲು ಸೈಕಲ್ಲಿನ ಮೇಲೆ, ಆಮೇಲೆ ಮೊಪೆಡ್ಡು, ಆಮೇಲೆ ಒಂದು ಹಳೆಯ ಟೆಂಪೊ. ಕಣ್ಣು ಮುಚ್ಚಿ ಕೈಯಾಡಿಸಿದರೆ ಯಾವ ಚೀಲ ಎರಡನೇ ಸಲ ಬರುತ್ತದೆ, ಯಾವುದು ಹೊಲಿದರೂ ನಿಲ್ಲುವುದಿಲ್ಲ ಎಂದು ಹೇಳುತ್ತಿದ್ದೆ. ಸಾಲಿ ಕಲಿತದ್ದು ಏಳನೆಯವರೆಗೆ. ಮಿಕ್ಕಿದ್ದೆಲ್ಲ ಚೀಲಗಳಿಂದ ಕಲಿತದ್ದು. ಬೇರೆ ಬೇರೆ ಮಾಡುವ ಕೆಲಸವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸೊಕ್ಕು ಅಲ್ಲಿಂದಲೇ ಬಂದಿರಬೇಕು.

ಊರ ಹೊರಗೆ ನನ್ನದೊಂದು ಎಕರೆ ಸವಳು ಬಿದ್ದ ಜಮೀನಿತ್ತು. ಬೆಳೆ ಬರುತ್ತಿರಲಿಲ್ಲ, ಬೆಳ್ಳಗೆ ಉಪ್ಪು ಮೇಲೇಳುತ್ತಿತ್ತು. ಅಲ್ಲೇ ಗೊಬ್ಬರದ ಅಂಗಳ ಮಾಡಿದೆ. ನಗರಸಭೆಯವರ ಜೊತೆ ಒಪ್ಪಂದಕ್ಕೆ ಕುಳಿತಾಗಲೂ ನಾನು ಸುಮ್ಮನೆ ಸಹಿ ಹಾಕಲಿಲ್ಲ. ಕಸದ ಗಾಡಿ ನನ್ನ ಗೇಟಿನವರೆಗೆ ಬರಬೇಕು, ಬೆಳಿಗ್ಗೆ ಹತ್ತರೊಳಗೆ ಬರಬೇಕು, ದಾರಿಗೆ ಎರಡು ಲೋಡು ಗರಸು ಅವರೇ ಹಾಕಿಸಬೇಕು. ಮೂರಕ್ಕೂ ಒಪ್ಪಿಸಿದೆ. ಅವರು ಹಾಕಿದ್ದು ಒಂದೇ ಷರತ್ತು. ಪರವಾನಗಿ ಒಂದು ವರ್ಷದ್ದು. ವರ್ಷ ಮುಗಿಯುವುದರೊಳಗೆ ತಯಾರಾದ ಗೊಬ್ಬರವನ್ನು ರೈತರು ಒಯ್ದಿರಬೇಕು. ಅಂಗಳದಲ್ಲೇ ಬಿದ್ದಿದ್ದರೆ ಅಂಗಳ ಮುಚ್ಚಬೇಕು. ಊರ ಕಸವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುವುದಕ್ಕೆ ಪರವಾನಗಿ ಯಾಕೆ ಬೇಕು ಎಂದರು. ನ್ಯಾಯವಾದ ಮಾತು. ತಲೆಯಾಡಿಸಿದೆ. ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಅಷ್ಟು ಕೇಳಿದವನು ಗಾಡಿಯೊಳಗೆ ಏನು ಬರುತ್ತದೆ ಎಂದು ಕೇಳಲಿಲ್ಲ.

ಮನೆಮನೆಗೆ ಹೋಗಿ ತಿಳಿಸಿ ಹೇಳುವ ಕೆಲಸಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಹೋದೆ. ಹಸಿರು ಬಕೆಟ್ಟು ಹಸಿ ಕಸಕ್ಕೆ, ನೀಲಿ ಬಕೆಟ್ಟು ಒಣ ಕಸಕ್ಕೆ ಎಂದು ನಗರಸಭೆಯ ಹೆಣ್ಣುಮಕ್ಕಳು ಚೀಟಿ ಹಂಚುತ್ತಿದ್ದರೆ, ನಾನು ಅವರ ಪಕ್ಕ ನಿಂತು ಎರಡು ಮಾತು ಹೆಚ್ಚಿಗೆ ಹೇಳುತ್ತಿದ್ದೆ. ಬುದ್ಧಿ ಹೇಳುವುದೆಂದರೆ ನನಗೆ ಮೊದಲಿನಿಂದಲೂ ಖುಷಿ. ಚೀಟಿಯ ಮೇಲೆ ಬಾಳೆಸಿಪ್ಪೆ, ಅನ್ನ, ತೊಪ್ಪಲು, ಹೂವಿನ ಚಿತ್ರಗಳಿದ್ದವು. ಇನ್ನೊಂದು ಬದಿಗೆ ಬಾಟಲಿ, ರಟ್ಟು, ಚಪ್ಪಲಿ. ಎಲ್ಲ ಊರಿಗೂ ಸಲ್ಲುವ ಚೀಟಿ. ನೇಕಾರರ ಊರಿಗೆಂದು ಬೇರೆ ಮಾಡಿದ್ದಲ್ಲ.

ಮಗ್ಗದ ಓಣಿಗೆ ಹೋದಾಗ ಮಧ್ಯಾಹ್ನ. ಆ ಓಣಿಯಲ್ಲಿ ಮುಂದೆ ಮನೆ, ಹಿಂದೆ ಪಾವರ್‌ಲೂಮ್. ಸದ್ದಿನಲ್ಲಿ ಮಾತು ಕೇಳಿಸಬೇಕಾದರೆ ಎಲ್ಲರೂ ಜಗಳಾಡುವವರ ಹಾಗೆ ಕೂಗಬೇಕು. ಆರು ಮಗ್ಗದ ಒಂದು ಮನೆಯ ಯಜಮಾನಿ ಹೊರಗೆ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು. ಆ ಓಣಿಯ ಹೆಂಗಸರು ಅವರನ್ನು ಕೇಳದೆ ಮದುವೆಗೆ ಸೀರೆಯನ್ನೂ ಆರಿಸುತ್ತಿರಲಿಲ್ಲ. ತಲೆಗೂದಲ ಮೇಲೆ ಹತ್ತಿಯ ಧೂಳು ಕೂತಿತ್ತು. ಚೀಟಿಯನ್ನು ಎರಡೂ ಬದಿ ನೋಡಿದರು.

“ತಮ್ಮಾ, ಮಗ್ಗದ ಕೆಳಗ ತುಂಡು ನೂಲು ಉದುರಿರ್ತೈತಿ. ದಿನಾ ಒಂದ್ ಪುಟ್ಟಿ ಆಗ್ತೈತಿ. ಅದರ ಚಿತ್ರಾನ ಇಲ್ಲಲ್ಲ ಇದರಾಗ. ಅದನ್ನ ಎಲ್ಲಿ ಹಾಕೂದು?”

“ಏನ್ ಅಕ್ಕಾರ, ನೇಕಾರ್ರ ಮನ್ಯಾಗ ಹುಟ್ಟಿ ಚೀಲದ ವ್ಯಾಪಾರದವನ್ನ ಕೇಳ್ತೀರಿ? ನೂಲು ಎಲ್ಲಿಂದ ಬಂತು? ಹತ್ತಿ ಗಿಡದಿಂದ. ಗಿಡದಿಂದ ಬಂದಿದ್ದು ಮಣ್ಣಿಗೆ ಹೋದ್ರ ಕೊಳಿತೈತಿ. ಹಸಿರಿಗೆ ಹಾಕ್ರಿ.”

“ಖರೇನ ಹೇಳಾಕತ್ತೀಯೇನು?”

“ಸುಳ್ಳು ಹೇಳಿ ನನಗೇನು ಸಿಗ್ತೈತ್ರಿ?”

ಅವರು ಎದುರು ಮನೆಯಾಕೆಯ ಕಡೆ ತಿರುಗಿ ಕೂಗಿದರು: “ಕೇಳಿದೇನ ಬೇ? ನೂಲು ಹಸಿರು ಬಕೆಟ್ಟಿಗಂತ. ಗಂಜಿ ಉಂಡೈತಿ, ಹೋಗಲಿ ಬಿಡು, ಅನ್ನದ ಜೋಡಿನ ಹೋಗಲಿ.”

ಮಗ್ಗದಲ್ಲಿ ಉದ್ದಕ್ಕೆ ಎಳೆದ ಹಾಸಿನ ನೂಲು ಗಟ್ಟಿಯಾಗಿ ನಿಲ್ಲಲೆಂದು ಅದಕ್ಕೆ ಗಂಜಿ ಹಾಕುತ್ತಾರೆ. ಗಂಜಿ ಉಂಡ ನೂಲು ಅನ್ನದ ಜೊತೆ ಹೋಗುವುದು ಅವರಿಗೆ ಸರಿ ಎನಿಸಿತು. ನನಗೂ ಆ ಮಾತು ಹಿಡಿಸಿತು. ಮುಂದಿನ ನಾಲ್ಕು ಓಣಿಗಳಲ್ಲಿ ಅದನ್ನು ನನ್ನದೇ ಮಾತೆಂಬಂತೆ ಹೇಳಿಕೊಂಡು ಹೋದೆ.

ಮಳೆಗಾಲ ಚೆನ್ನಾಗಿಯೇ ಹೋಯಿತು. ಕಸ ನಿಜಕ್ಕೂ ಬೇರೆಯಾಗಿ ಬರುತ್ತಿತ್ತು. ಆ ಹೆಂಗಸರನ್ನು ನಾನು ದೂರುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು. ಯಂತ್ರದಲ್ಲಿ ಕತ್ತರಿಸಿ, ಕಬ್ಬಿನ ಒಣ ಗರಿಯ ರವದಿಯನ್ನೂ ಸಗಣಿ ನೀರನ್ನೂ ಸೇರಿಸಿ ಉದ್ದುದ್ದ ಗುಡ್ಡೆ ಹಾಕುತ್ತಿದ್ದೆವು. ಕೈ ಇಟ್ಟರೆ ಒಳಗೆ ಬಿಸಿ. ನನ್ನ ಹೆಂಡತಿ ಮೂಗು ಮುಚ್ಚಿಕೊಂಡೇ ಬಂದವಳು ಎರಡು ತಿಂಗಳಲ್ಲಿ ಅಲ್ಲೇ ಕೂತು ಊಟ ಮಾಡುವಷ್ಟಾದಳು. ಕೆಲಸಕ್ಕೆ ಬೀಳಗಿ ಕಡೆಯ ಮುಳುಗಡೆ ಊರಿನ ಒಬ್ಬ ಹೆಣ್ಣುಮಗಳಿದ್ದಳು. ಐವತ್ತರ ಹತ್ತಿರ, ಮಾತು ಹರಿತ, ಕೈ ಅದಕ್ಕಿಂತ ಹರಿತ.

ದೀಪಾವಳಿಗೆ ಮುಂಚೆ ಮಗ್ಗಗಳಿಗೆ ಬಿಡುವಿರುವುದಿಲ್ಲ. ಆಗ ಯಂತ್ರ ಮೊದಲ ಸಲ ನಿಂತಿತು. ಬಿಚ್ಚಿ ನೋಡಿದರೆ ಒಳಗಿನ ತಿರುಗುವ ದಂಡಕ್ಕೆ ನೂಲು ಸುತ್ತಿಕೊಂಡು ನನ್ನ ತೊಡೆಯಷ್ಟು ದಪ್ಪವಾಗಿದೆ. ಕೆಂಪು, ಹಸಿರು, ರಾಣಿ ಬಣ್ಣ, ಜರಿ. ಅಲಗುಗಳು ಎಲ್ಲಿವೆ ಎಂದು ಹುಡುಕಬೇಕು. ಕೆಲಸದಾಕೆ ಕುರುಪಿ ತಂದು ಕೊಯ್ಯಲು ಕೂತಳು. ಒಂದು ತಾಸು ಕೊಯ್ದಳು.

“ಯಣ್ಣಾ, ನಿಮ್ ಯಂತ್ರ ಭಾಳ ಶಾಣ್ಯಾ ಐತ್ರಿ. ಗೊಬ್ಬರ ಮಾಡಂದ್ರ ಸೀರಿ ನೇಯಾಕತ್ತೈತಿ.”

“ಸುಮ್ನ ಕೊಯ್ಯ ಬೇ.”

“ಕೊಯ್ತೀನ್ರಿ. ಸೆರಗು ಬಂತೂ ಅಂದ್ರ ಕರೀತೀನಿ, ಬಂದು ನೋಡ್ರಿ.”

ವಾರಕ್ಕೆ ಒಮ್ಮೆ ನಿಲ್ಲುತ್ತಿದ್ದದ್ದು ದಿನ ಬಿಟ್ಟು ದಿನ ನಿಲ್ಲತೊಡಗಿತು. ನನಗೆ ಆಗಲೂ ಬುದ್ಧಿ ಬರಲಿಲ್ಲ. ಯಂತ್ರಕ್ಕೆ ಹೋಗುವ ಮುಂಚೆ ಕಂಡಷ್ಟು ನೂಲನ್ನು ಎಳೆದು ಆಚೆ ಹಾಕಿ, ಮಿಕ್ಕಿದ್ದು ಕೊಳೆಯುತ್ತದೆ ಬಿಡು ಎಂದು ಗುಡ್ಡೆಗೆ ಬಿಟ್ಟೆ. ಹತ್ತಿಯಲ್ಲವೇ, ಇಂದಲ್ಲ ನಾಳೆ ಮಣ್ಣಾಗುತ್ತದೆ. ಮೂರು ತಿಂಗಳಾದ ಗುಡ್ಡೆಯನ್ನು ಸಾಣಿಗೆಯಲ್ಲಿ ಜರಡಿ ಹಿಡಿಸಿ, ಎರಡು ಟ್ರ್ಯಾಕ್ಟರ್ ಲೋಡು ಮುಧೋಳ ಕಡೆಯ ಒಬ್ಬ ರೈತರಿಗೆ ಕಳಿಸಿದೆ. ಅವರು ಚೀಲದ ಕಾಲದಿಂದ ನನ್ನ ಗಿರಾಕಿ. ಸುತ್ತಲಿನ ನಾಲ್ಕು ಊರಿನಲ್ಲಿ ಕಬ್ಬು ಹಚ್ಚುವ ಮುಂಚೆ ಜನ ಅವರ ಹೊಲ ನೋಡಿ ಬರುತ್ತಾರೆ. ಅವರು ಹೂಂ ಎಂದರೆ ವರ್ಷದ ಗೊಬ್ಬರವೆಲ್ಲ ಹೋದಂತೆ, ಊಂಹೂಂ ಎಂದರೆ ಅಂಗಳಕ್ಕೆ ಬೀಗ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಹದಿನೈದು ದಿನಕ್ಕೆ ಫೋನು ಬಂತು. “ಸಾವಕಾರ, ಒಮ್ಮಿ ಬಂದು ಹೋಗ್ರಿ,” ಎಂದರು, ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೌಕಾಸಿ ಮಾಡಬಹುದು.

ಹೋದೆ. ಹೊಲದ ಬದುವಿನ ಮೇಲೆ ರೋಟಾವೇಟರ್ ನಿಂತಿತ್ತು. ಅದರ ಹಲ್ಲುಗಳಿಗೆಲ್ಲ ಬಣ್ಣದ ನೂಲು. ನೀರು ಹಾಯಿಸಿದ ಸಾಲುಗಳಲ್ಲಿ ಮಣ್ಣು ತೊಳೆದು, ಎಳೆ ಎಳೆಯಾಗಿ ಮೇಲೆ ಬಂದಿತ್ತು. ಮೂರು ತಿಂಗಳು ಬಿಸಿಯಲ್ಲಿ ಬೆಂದ ನೂಲು ನಿನ್ನೆ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿತ್ತು.

“ಕಬ್ಬಿಗೆ ಗೊಬ್ಬರ ಕೇಳಿದ್ದೆ, ಬಸುರಿಗೆ ಕುಬಸ ಮಾಡಾಕ ಅರಿವಿ ಕಳಿಸೀರಿ,” ಎಂದರು ರೈತರು.

“ಗೌಡ್ರ, ಅದು ಹತ್ತಿ ನೂಲ್ರಿ, ಇನ್ನೊಂದ್ ಸ್ವಲ್ಪ ದಿನಕ್ಕ...”

“ಇದ?” ಒಂದು ಎಳೆಯನ್ನು ಎತ್ತಿ ಎರಡೂ ಕೈಯಿಂದ ಜಗ್ಗಿದರು. ಹರಿಯಲಿಲ್ಲ. “ಕೈ ಕೊಯ್ತೈತಿ ನೋಡ್ರಿ. ನನಗೇನೂ ನಾಟಕ ಬ್ಯಾಡ. ನಾಳೆ ಕಬ್ಬಿನ ತುದಿ ವಾಡಿ ಕೊಯ್ದು ಎಮ್ಮಿಗೆ ಹಾಕ್ತೀನಿ. ಇದು ಅದರ ಹೊಟ್ಟ್ಯಾಗ ಹೋದ್ರ? ಸಕ್ರಿ ಕಾರ್ಖಾನಿ ಮಡ್ಡಿ ಗೊಬ್ಬರ ತಂದ್ರ ಅದರಾಗ ನೂಲರ ಇರೂದಿಲ್ಲ.”

“ಹಾಕಿದ್ದನ್ನ ನಾನ ಆರಿಸಿ ಕೊಡ್ತೀನ್ರಿ.”

“ಆರಸ್ರಿ. ಮತ್ತ ತರೂದಾದ್ರ, ಲೋಡ್ ಇಳಸೂಕಿಂತ ಮೊದಲ ಮುಷ್ಟಿ ಹಿಡದು ನೋಡ್ತೀನಿ. ಮೂರು ಮುಷ್ಟಿ. ನೂಲು ಬಂತೂ, ಟ್ರ್ಯಾಕ್ಟರ್ ತಿರಗಸ್ರಿ. ನನ್ನ ಹೆಸರು ಎಲ್ಲೂ ಹೇಳಬ್ಯಾಡ್ರಿ ಅಲ್ಲೀತನಾ.”

ಮೂರು ದಿನ ನಾನು, ಹೆಂಡತಿ, ಕೆಲಸದಾಕೆ ಬಗ್ಗಿ ಆ ಹೊಲದಲ್ಲಿ ನೂಲು ಆರಿಸಿದೆವು. ಹಾದಿಯಲ್ಲಿ ಹೋಗುವವರು ನಿಂತು, ಏನು ಬಿತ್ತೀರಿ, ಏನು ಕೀಳಾಕತ್ತೀರಿ ಎಂದು ಕೇಳುತ್ತಿದ್ದರು. ಕೆಲಸದಾಕೆ, ರೇಷ್ಮಿ ಬಿತ್ತೇವಿ ಎನ್ನುತ್ತಿದ್ದಳು. ಮೂರನೇ ದಿನ ಸಂಜೆ ನನ್ನ ಹೆಂಡತಿ ಸೊಂಟ ಹಿಡಿದು ಕೂತಾಗ ಒಂದೇ ಮಾತು ಕೇಳಿದಳು: “ನೂಲು ಹಾಕ್ರಿ ಅಂತ ಅವ್ರಿಗೆ ಹೇಳಿದವರ್ಯಾರು?”

ಮರುದಿನ ಮಗ್ಗದ ಓಣಿಗೆ ಹೋದೆ. ಯಜಮಾನಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ನಾನು ಕಿಸೆಯಿಂದ ಹೊಲದ ನೂಲನ್ನು ತೆಗೆದು ಮುಂದಿಟ್ಟೆ.

“ಅಕ್ಕಾರ, ಇದು ಕೊಳೀಲಿಲ್ಲ.”

ಅವರು ತಮ್ಮ ಬುಟ್ಟಿಯಿಂದ ಒಂದು ಎಳೆ, ನಾನು ತಂದದ್ದರಿಂದ ಒಂದು ಎಳೆ ಆರಿಸಿಕೊಂಡು ಒಲೆಯ ಹತ್ತಿರ ಹೋದರು. ಬುಟ್ಟಿಯದಕ್ಕೆ ಕಡ್ಡಿ ಗೀರಿ ಹಚ್ಚಿದರು, ಉರಿದು ಬೂದಿಯಾಯಿತು. ಹೊಲದ್ದು ಮುದುಡಿ, ಕರಗಿ, ತುದಿಗೆ ಸಾಸಿವೆಯಷ್ಟು ಕರಿ ಮಣಿ ಬಂತು. ಮಣಿಯನ್ನು ನನ್ನ ಅಂಗೈಯಲ್ಲಿಟ್ಟರು. ಇನ್ನೂ ಬಿಸಿ ಇತ್ತು.

“ಇದು ಹತ್ತಿ. ಇದು ಪಾಲಿಸ್ಟರ್. ನಮ್ ಮನ್ಯಾಗ ಈಗ ಮುಕ್ಕಾಲು ಇದ. ಹತ್ತಿ ಸೀರಿ ಯಾರ್ ಉಡ್ತಾರ ತಮ್ಮಾ ಈಗ?”

“ಮತ್ತ ಅವತ್ತ ಹೇಳಬೇಕಿಲ್ರಿ?”

“ಯಾವ ನೂಲು ಅಂತ ನೀ ಕೇಳಲಿಲ್ಲ. ನೂಲು ಅಂದೆ, ಹತ್ತಿ ಅಂದಿ. ನಾ ಖರೇನೇನಪಾ ಅಂತನೂ ಕೇಳಿದೆ. ಅಷ್ಟ್ ಗಟ್ಟಿಯಾಗಿ ಹೇಳಾವ್ಗ ಎಲ್ಲಾ ಗೊತ್ತಿರ್ಬೇಕು, ನಿನ್ನ ಯಂತ್ರ ಪಾಲಿಸ್ಟರೂ ತಿಂತೈತಿ ಅಂದ್ಕೊಂಡೆ.”

ಸರಿ, ಇನ್ನು ಮೇಲೆ ನೂಲನ್ನೆಲ್ಲ ನೀಲಿ ಬಕೆಟ್ಟಿಗೆ ಹಾಕಿರಿ ಎಂದೆ. ಅವರು ಕಂಡಿಕೆಯನ್ನು ಕೆಳಗಿಟ್ಟರು.

“ನೀಲೀದಾಗ ಏನೇನ್ ಹಾಕ್ತೀವಿ ಗೊತ್ತೈತೇನು? ಹರದ ಚಪ್ಪಲಿ. ಕೂಸಿನ ಚಡ್ಡಿ. ಹೆಣ್ಮಕ್ಕಳು ಮುಟ್ಟಾದಾಗ ಬಿಟ್ಟಿದ್ದು. ನೂಲನ್ನ ಅದರ ಜೋಡಿ ಹಾಕಂತೀ? ದಿನಾ ಊದಿನಕಡ್ಡಿ ಬೆಳಗಿ ಮಗ್ಗಾ ಹಚ್ಚಾವ್ರು ನಾವು. ತುಂಡ ಇರಲಿ, ಪಾಲಿಸ್ಟರ ಇರಲಿ, ಕಾಲಿಗೆ ತಾಗಿದ್ರ ಕಣ್ಣಿಗೊತ್ಗೋತೀವಿ. ಹಸಿರಾಗ ಹೂವು, ಅನ್ನ ಇರ್ತಾವ, ಹೋಗಲಿ ಅಂತ ಹಾಕೀವಿ. ನೀಲಿಗೆ ಈ ಓಣ್ಯಾಗ ಯಾರೂ ಹಾಕೂದಿಲ್ಲ. ನೀ ಬೇಕಾರ ಕೇಳ್ಕೊಂಡ್ ಬಾ.”

ಕೇಳಿಕೊಂಡು ಬಂದೆ. ಹನ್ನೊಂದು ಮನೆ. ಯಾರೂ ಜಗಳಾಡಲಿಲ್ಲ, ಯಾರೂ ಒಪ್ಪಲಿಲ್ಲ. ಒಬ್ಬಾಕೆ ಚಹಾ ಕೊಟ್ಟಳು. ನಿಯಮದಲ್ಲಿ ಎರಡೇ ಬಕೆಟ್ಟು. ಈ ನೂಲು ಎರಡಕ್ಕೂ ಸಲ್ಲದು. ಸುಸ್ತಾಗಿ ಯಜಮಾನಿಯ ಕಟ್ಟೆಗೆ ತಿರುಗಿ ಬಂದು ಕೂತೆ. ನನ್ನ ಹತ್ತಿರ ಇದ್ದದ್ದು ಮೂವತ್ತು ವರ್ಷದಿಂದ ಒಂದೇ ವಸ್ತು. ಚೀಲ.

“ಅಕ್ಕಾರ, ಮಗ್ಗದ ಮನ್ಯಾಗ ಒಂದ್ ಮೊಳಿ ಹೊಡ್ಯೂಣ. ಮೊಳಿಗೆ ನಾ ಚೀಲ ಕಟ್ತೀನಿ. ನೂಲು ಅಷ್ಟ ಅದರಾಗ. ನಾನ ಬಂದು ಒಯ್ತೀನಿ. ನೂಲಿನ ಜೋಡಿ ಇನ್ನೇನೂ ಸೇರೂದಿಲ್ಲ.”

“ಎಂಥಾ ಚೀಲ?”

“ಛಲೋ ಚೀಲ್ರಿ. ಯೂರಿಯಾದ್ದು, ತೊಳದದ್ದು.”

“ವಿಷದ ಚೀಲ ನನ್ನ ಮಗ್ಗದ ಮನಿಗೆ ಬ್ಯಾಡ.”

“ಸಕ್ರಿ ಚೀಲ?”

“ಹೊಸಾವು?”

“ಒಮ್ಮಿ ಬಳಸಿದ್ದು. ಒಳಗ ಬಿಳಿ ಹಂಗ ಐತಿ.”

“ಒಗದು ತರಬೇಕು. ಅಮಾಸಿ ದಿನ ಮಗ್ಗ ನಿಂದರ್ತಾವು, ಅವತ್ತ ಒಯ್ಯಬೇಕು. ಬಿಟ್ರ ಇಲಿ ಗೂಡು ಕಟ್ಟತಾವು. ಒಂದ್ ಅಮಾಸಿ ತಪ್ಪಿಸಿದಿ, ನಾ ಮತ್ತ ಹಸಿರಿಗೆ ಹಾಕಾಕಿ.”

ಜೀವನದಲ್ಲಿ ಅಷ್ಟು ಚೌಕಾಸಿ ಮಾಡಿದ್ದೇನೆ. ಪೂರ್ತಿ ಸೋತು ಎದ್ದದ್ದು ಆ ಕಟ್ಟೆಯಿಂದ. ಆದರೂ ಎದ್ದು ಬರುವಾಗ ಹಗುರ ಎನಿಸಿತು. ಅಮಾವಾಸ್ಯೆಗೆ ಮೊದಲ ಚೀಲಗಳು ತುಂಬಿದ್ದವು. ಆ ನೂಲನ್ನು ಹಾಸಿಗೆ ತುಂಬುವವರಿಗೆ ಕೊಡುತ್ತೇನೆ. ಅದರಿಂದ ಟೆಂಪೊದ ಡೀಸೆಲ್ಲು ಹುಟ್ಟುತ್ತದೆ.

ಆದರೆ ಹೊಸ ಕಸ ಚೊಕ್ಕಟವಾದರೆ ಹಳೆಯ ಗುಡ್ಡೆಗಳು ಚೊಕ್ಕಟವಾಗುವುದಿಲ್ಲ. ಅವು ಅಲ್ಲೇ ಇದ್ದವು, ಎಮ್ಮೆಗಳ ಹಾಗೆ ಸಾಲಾಗಿ ಮಲಗಿ. ಬೇಸಿಗೆಯೆಲ್ಲ ಕೈ ಸಾಣಿಗೆ ಹಿಡಿದೆವು. ದಿನಕ್ಕೆ ಒಂದು ಬುಟ್ಟಿ ನೂಲು ತೆಗೆದರೆ ಮರುದಿನ ಅದೇ ಗುಡ್ಡೆಯಲ್ಲಿ ಇನ್ನೊಂದು ಬುಟ್ಟಿ. ಕೊನೆಗೆ ಅವನ್ನು ಬಿಟ್ಟುಕೊಟ್ಟು ನನ್ನ ಸವಳು ಜಮೀನಿನ ಒಂದು ಬದಿಗೆ ಹರಡಿದೆ. ಉಳಿದ ಓಣಿಗಳಿಗೂ ಹೋಗಿ ಚೀಲ ಕಟ್ಟಿದೆ. ಕೆಲವರು ಒಪ್ಪಿದರು. ಕೆಲವರು, ನೀವೇ ಹಸಿರು ಅಂದಿರಿ, ಈಗ ಚೀಲ ಅಂತೀರಿ, ನಾಳೆ ಏನಂತೀರೋ ಎಂದು ಬಾಗಿಲು ಮುಂದೆ ಮಾಡಿದರು. ಆ ಓಣಿಗಳ ಗಾಡಿ ಬಂದರೆ ಗೇಟಿನಲ್ಲೇ ತಿರುಗಿಸುವಂತೆ ನಗರಸಭೆಗೆ ನಾನೇ ಬರೆದುಕೊಟ್ಟೆ. ಗಾಡಿ ಬರಲೇಬೇಕೆಂದು ಜಗಳಾಡಿ ಬರೆಸಿಕೊಂಡವನೇ ಬರಬೇಡಿ ಎಂದು ಬರೆದೆ.

ವರ್ಷ ಮುಗಿಯಲು ಎಂಟು ದಿನವಿದ್ದಾಗ, ಚೀಲ ಕಟ್ಟಿದ ಮೇಲೆ ಹಾಕಿದ ಗುಡ್ಡೆಯಿಂದ ಒಂದು ಲೋಡು ತುಂಬಿಸಿ ಮುಧೋಳ ಕಡೆಯ ಅದೇ ಹೊಲಕ್ಕೆ ಹೋದೆ. ಟ್ರ್ಯಾಕ್ಟರಿನ ಹಿಂದೆ ಮೋಟರ್ ಸೈಕಲ್ಲಿನ ಮೇಲೆ. ರೈತರು ಮೊದಲ ಮುಷ್ಟಿ ಹಿಡಿದು ಬಿಚ್ಚಿದರು, ಏನಿಲ್ಲ. ಎರಡನೆಯದು ಕೈಯನ್ನು ಮೊಣಕೈವರೆಗೆ ಇಳಿಸಿ ತೆಗೆದರು. ಏನಿಲ್ಲ. ಮೂರನೆಯದರಲ್ಲಿ ಗೇಣುದ್ದದ ಒಂದು ನೀಲಿ ಎಳೆ ಬಂತು.

ಅವರು ಎಳೆಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

“ಮೂರು ಮುಷ್ಟಿಗೆ ಒಂದು,” ಎಂದರು. “ಮೊದಲ ಒಂದ್ ಮುಷ್ಟಿಗೆ ಮೂವತ್ತಿದ್ವು. ಬದುವಿನ ಕಡೆ ನಾಕ ಸಾಲಿಗೆ ಹಾಕ್ರಿ. ಎಮ್ಮಿ ಆ ಕಡೆ ಬಿಡೂದಿಲ್ಲ. ಈ ಸಲ ಇಷ್ಟ. ಉಳಿದದ್ದು ಮುಂದ ನೋಡೂಣು.”

ನಾಲ್ಕು ಸಾಲಿಗೆ ಹಾಕಿ ಬಂದೆ. ಆ ಒಂದು ಲೋಡಿನ ಮೇಲೆಯೇ ಪರವಾನಗಿ ಉಳಿಯಿತು, ಆದರೆ ಪೂರ್ತಿ ಊರಿಗಲ್ಲ. ರೈತರು ಎಷ್ಟು ಒಯ್ಯುತ್ತಾರೋ ಅಷ್ಟೇ ಕಸ ಎಂದು ನಗರಸಭೆಯವರು ಹೊಸ ಕಾಗದದಲ್ಲಿ ಬರೆದರು. ಯಜಮಾನಿಯ ಓಣಿ, ಚೀಲಕ್ಕೆ ಒಪ್ಪಿದ ಇನ್ನೆರಡು ಓಣಿ, ಕಾಯಿಪಲ್ಲೆ ಮಾರ್ಕೆಟ್ಟು. ಅಷ್ಟು ಕಸವನ್ನು ಯಂತ್ರ ವಾರಕ್ಕೆ ಒಂದು ದಿನದಲ್ಲಿ ಮುಗಿಸುತ್ತದೆ. ಮಿಕ್ಕ ಆರು ದಿನ ಅದರ ಮೇಲೆ ಕೆಲಸದಾಕೆ ತನ್ನ ಬುತ್ತಿ ಗಂಟು ಇಡುತ್ತಾಳೆ. ಸವಳು ಜಮೀನಿನ ಆ ಬದಿಯಲ್ಲಿ ಹುಲ್ಲು ಬಂದಿದೆ, ಬುಡದಲ್ಲಿ ರಾಣಿ ಬಣ್ಣದ ನೂಲು. ನಮ್ಮ ದನವನ್ನು ಅಲ್ಲಿ ಬಿಡುವುದಿಲ್ಲ.

ನೀವೂ ಇಂಥದ್ದೊಂದು ಕೆಲಸಕ್ಕೆ ಕೈ ಹಾಕುವವರಿದ್ದರೆ ನನ್ನದು ನಾಲ್ಕು ಮಾತು. ಬುದ್ಧಿ ಹೇಳುವ ಚಟ ಇನ್ನೂ ಬಿಟ್ಟಿಲ್ಲ. ಯಂತ್ರ ಕೊಳ್ಳುವ ಮುಂಚೆ ಹದಿನೈದು ದಿನ ಕಸದ ಗಾಡಿಯ ಹಿಂದೆ ನಡೆಯಿರಿ. ಬಕೆಟ್ಟನ್ನು ಮೇಲಿನಿಂದ ನೋಡಬೇಡಿ, ಸುರಿದು ನೋಡಿ. ಚೀಟಿಯ ಮೇಲಿನ ಚಿತ್ರವನ್ನು ಬಿಡಿ, ನಿಮ್ಮ ಊರು ಯಾವ ಕಸುಬಿನಿಂದ ಉಣ್ಣುತ್ತದೋ ಆ ಕಸುಬಿನ ಕಸ ಎಲ್ಲಿ ಹೋಗುತ್ತದೆ ಎಂದು ಮೊದಲು ಹುಡುಕಿ. ಮಿಠಾಯಿಯ ಊರಾದರೆ ಅದು, ಬಡಿಗರ ಊರಾದರೆ ಅದು. ಜನ ಕೈಮುಗಿಯುವ ವಸ್ತುವನ್ನು ಕೊಳಕಿನ ಜೊತೆ ಹಾಕಿರೆಂದು ಹೇಳಿ ಹೊತ್ತು ಕಳೆಯಬೇಡಿ, ಅದಕ್ಕೊಂದು ಬೇರೆ ಚೀಲ ಕಟ್ಟಿ, ಚೀಲ ಒಯ್ಯುವ ದಿನ ತಪ್ಪಿಸಬೇಡಿ. ಮೊದಲ ಲೋಡನ್ನು ಊರಿಗೆ ದೊಡ್ಡ ರೈತನಿಗೆ ಕಳಿಸಬೇಡಿ, ನಿಮ್ಮ ಹೊಲಕ್ಕೇ ಹಾಕಿ ಒಂದು ನೀರು ಹಾಯಿಸಿ ನೋಡಿ.

ಮತ್ತೆ, ಯಾರಾದರೂ ಬಾಗಿಲಲ್ಲಿ ನಿಂತು, ಇದು ಕೊಳೆಯುತ್ತದೆಯೇ ಎಂದು ಕೇಳಿದರೆ ಕೂಡಲೇ ಉತ್ತರ ಕೊಡಬೇಡಿ. ಒಂದು ಹಿಡಿ ಈಸಿಕೊಂಡು ಮನೆಗೆ ಬನ್ನಿ. ಹಳೆಯ ಕುಂಡದಲ್ಲಿ ಸಗಣಿ ಮಣ್ಣಿನ ಜೊತೆ ಹೂತು, ದಿನಾ ಸ್ವಲ್ಪ ನೀರು ಹಾಕಿ, ಮೂರು ತಿಂಗಳ ಮೇಲೆ ತೆಗೆದು ನೋಡಿ. ಆಮೇಲೆ ಹೋಗಿ ಹೇಳಿ.